ಗಂಟಲಿಲ್ಲದ ಕೂಳಿ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ.
ಸುಳ್ಳು.
ಕೊಂಗ್‌ಸೀ ಅಜ್ಜನಿಗೆ ಗೋಡೆ ಬಿಳಿಯೇ, ನನ್ನ ನರ್ಸ್ ಟೋಪಿ ಬಿಳಿಯೇ,
ಕಿಟಕಿಯಾಚೆ ಖೋನ್ ಕೇನ್ ಪೇಟೆಯ ಆಕಾಶ
ಕಬ್ಬಿನ ತರಗು ಸುಟ್ಟ ಹೊಗೆಗೆ ಎಂದಿನ ಬೂದಿ.
ಹಳದಿ ಕಂಡವನು ಅವನೇ, ನಮಗೆ.
ಪಿತ್ತ ನೆತ್ತಿಗೇರಿದವರನ್ನು ಬೇಕಾದಷ್ಟು ಕಂಡಿದ್ದೇನೆ,
ಇವನದು ಚರ್ಮಕ್ಕೇರಿತ್ತು.

ಎಂಬತ್ತಮೂರು ವರ್ಷ. ಮೂರು ವಾರದ ತುರಿಕೆ.
ಉಗುರು ಸಾಲದೆ ಜೋಳದ ದಿಂಡು, ದಿಂಡು ಸವೆದ ಮೇಲೆ
ಹೆಂಡತಿ ಬುವಾಲೊಯ್‌ಳ ಬಾಚಣಿಗೆ.
ಉಚ್ಚೆ ಕಡು ಚಹಾ, ಹೇಲು ಒಲೆಯ ಬೂದಿ.
ಅವಳು ಹೀಗೇ ಹೇಳಿದ್ದು, ನಾನು ಹಾಗೇ ಬರೆದುಕೊಂಡೆ.

ಚೀ ಹೊಳೆಯ ಬೆರಳುದ್ದದ ಬಿಳಿ ಮೀನು,
ಹಸಿಯಾಗಿ ಕೊಚ್ಚಿ, ನಿಂಬೆ ಹಿಂಡಿ, ಖಾರ ಕಲಸಿ,
ಅಂಟಕ್ಕಿ ಅನ್ನದ ಉಂಡೆಗೆ ಒತ್ತಿಕೊಂಡು
ಗೆಳೆಯರ ಜೊತೆ ಗದ್ದೆಯ ಬದುವಿನ ಮೇಲೆ
ಅರುವತ್ತು ವರ್ಷ ಉಂಡದ್ದು.
ಮೀನಿನೊಳಗಿನ ಹುಳ, ಹುಣಸೆಯ ಎಲೆಯಷ್ಟೂ ಇಲ್ಲದ್ದು,
ಪಿತ್ತನಾಳದಲ್ಲಿ ಬಾಡಿಗೆ ಕೊಡದೆ ಬಿಡಾರ ಹೂಡಿ
ಗೋಡೆ ಕೆರೆದು ಕೆರೆದು
ನಾನು ಎರಡು ಊರಿನಾಚೆಯವಳು. ನಾನೂ ಉಂಡಿದ್ದೇನೆ.
ಸ್ಕ್ಯಾನ್ ಮಾಡಿಸಿ ಎಂದು ಬೇರೆಯವರಿಗೆ ಹೇಳುತ್ತೇನೆ.

ಗಂಟು ತೆಗೆಯಲು ಬರುವುದಿಲ್ಲ ಎಂದರು ಡಾಕ್ಟರ್ ಪಿಂಚನಾ,
ದಾರಿ ಬಿಡಿಸಬಹುದು, ಅಷ್ಟೆ.
ಪ್ಲಾಸ್ಟಿಕ್ ಕೊಳವೆ ಅಗ್ಗ, ಮೂರು ತಿಂಗಳಿಗೆ ಕಟ್ಟಿಕೊಳ್ಳುತ್ತದೆ.
ಲೋಹದ್ದು ದುಬಾರಿ, ಬಾಳಿಕೆ ಹೆಚ್ಚು.
ಸಕ್ಕರೆ ಕಾರ್ಖಾನೆಯ ಮಗ ಕೇಳಿಯೇ ಬಿಟ್ಟ:
'ಅಪ್ಪನ ಬಾಳಿಕೆ?'
ಯಾರೂ ನೆಲದಿಂದ ಕಣ್ಣೆತ್ತಲಿಲ್ಲ.
ಆಮೇಲೆ ಅವನೇ, ಯಾರೋ ಬೇಡವೆಂದ ಹಾಗೆ ದನಿಯೇರಿಸಿ,
'ಲೋಹದ್ದೇ ಹಾಕಿ.'

ಮಾದರಿಗೆಂದು ಇಟ್ಟ ಸ್ಟೆಂಟನ್ನು ಅಜ್ಜ
ಅಂಗೈಗೆ ಹಾಕಿಸಿಕೊಂಡ.
ಕಿರುಬೆರಳ ಗಾತ್ರ, ತಂತಿಯ ಹೆಣಿಗೆ.
ಒತ್ತಿದ, ಬಿಟ್ಟ. ಮುದುಡಿತು, ಅರಳಿತು.
ಬಿದಿರು ಸೀಳಿ ಕೂಳಿ ಹೆಣೆದ ಬೆರಳು
ಒಂದೊಂದಾಗಿ ಅದರ ಕಣ್ಣುಗಳನ್ನು ಎಣಿಸಿತು.
'ಹೆಣಿಗೆ ಚೆನ್ನಾಗಿದೆ. ಗಂಟಲೆಲ್ಲಿ?
ಒಳಬಾಯಿಗೆ ಮುಳ್ಳುಕಡ್ಡಿ ಇಲ್ಲದಿದ್ದರೆ
ಬಂದದ್ದೆಲ್ಲ ಹೋಗಿಬಿಡುತ್ತದಲ್ಲ?'
'ಹೋಗಲೆಂದೇ, ಅಜ್ಜ.'
'ಹೋಗಲೆಂದು ಯಾರಾದರೂ ಕೂಳಿ ಹೆಣೆಯುತ್ತಾರೆಯೆ!'
ನಕ್ಕ. ಹಲ್ಲೂ ಹಳದಿ,
ಅದು ಮಾತ್ರ ಹೊಗೆಸೊಪ್ಪಿನದು.

ಸೀಸದ ಅಂಗಿ ಹೊತ್ತು ನಾನು ತಲೆಯ ಬಳಿ ನಿಂತೆ.
ಬೋರಲು ಮಲಗಿದ ಮೈ, ಬಾಯಲ್ಲಿ ಕಚ್ಚುಬಿಲ್ಲೆ.
ಪರದೆಯಲ್ಲಿ ಕರಿ ದಾರವೊಂದು
ತಡಕಿತು, ಜಾರಿತು, ಮತ್ತೆ ತಡಕಿತು.
ಹದಿನೆಂಟು ನಿಮಿಷ.
ಗಂಟಿನ ಇಕ್ಕಟ್ಟಿನಲ್ಲಿ ನಡು ಬಿಗಿದುಕೊಂಡೇ
ಹೆಣಿಗೆ ಮೆಲ್ಲಗೆ ಬಿಚ್ಚಿಕೊಂಡಿತು, ಆಮೇಲೆ
ಹಳೆಯ ಎಣ್ಣೆಯಂಥ ಪಿತ್ತ, ಒಮ್ಮೆಲೇ.
'ಬಂತು' ಎಂದರು ಡಾಕ್ಟರ್,
ಕೆರೆಯ ತೂಬು ತೆಗೆದವರ ದನಿಯಲ್ಲಿ.

ಗಂಟು ಅಲ್ಲೇ ಇದೆ.
ಹೆಣಿಗೆಯ ಕಣ್ಣುಗಳಲ್ಲಿ ತೂರಿ ಅದು ಒಳಗೆ ಇಣುಕುವ ದಿನ
ಬಂದೀತು. ಅಜ್ಜನಿಗೂ ಗೊತ್ತು.
ಮಳೆಗಾಲಕ್ಕೋ, ಕೊಯ್ಲಿಗೋ, ಅವನು ಕೇಳಲಿಲ್ಲ.

ಮೂರನೆಯ ರಾತ್ರಿ ನನ್ನ ಪಾಳಿ.
ಮಂಚದ ಕೆಳಗೆ ಚಾಪೆಯಲ್ಲಿ ಬುವಾಲೊಯ್,
ಎರಡು ಗಂಟೆಗೆ ಧಡಕ್ಕನೆ ಎದ್ದು ಕೂತಳು.
ಏನಜ್ಜಿ ಎಂದೆ.
'ಸದ್ದಿಲ್ಲ.'
ಮೂರು ವಾರ ಕರಕರ ಎಂದ ಚರ್ಮ
ಸುಮ್ಮನಾಗಿತ್ತು.
ಅವನ ಮೂಗಿನ ಬಳಿ ಬೆರಳು ಹಿಡಿದಳು.
ಹಿಡಿದೇ ಇದ್ದಳು.
'ನಿದ್ದೆ ಮಾಡ್ತಿದ್ದೀನಿ ಕಣೇ,' ಕಣ್ಣು ತೆರೆಯದೆ ಅಜ್ಜ,
'ಸತ್ತರೆ ಹೇಳ್ತೀನಿ.'

ಅವಳು ಚಾಪೆಗೆ ಮರಳಿ
ದಿಂಬಿನಡಿಯಿಂದ ಬಾಚಣಿಗೆ ತೆಗೆದಳು.
ಒಂದೊಂದೇ ಹಲ್ಲಿನ ಸಂದಿಯನ್ನು
ಉಟ್ಟ ಬಟ್ಟೆಯ ಅಂಚಿನಲ್ಲಿ ಒರೆಸಿ,
ಆ ಸರಿಹೊತ್ತಿನಲ್ಲಿ
ತನ್ನ ಬಿಳಿ ಕೂದಲು ಬಾಚಲು ಕೂತಳು.